ಮೂರು ಅಕ್ಷರಗಳ ಮೈ: ಪರ್ವೀಜ್ ತನಾವೊಲಿಯವರ ಶಿಲ್ಪ

(ಶಿಲ್ಪಕಲೆಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ತೆರೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಹೇಳಿದ ಕಡೆಗಳಲ್ಲಿ, ಓದುವವರ ಅನುಕೂಲಕ್ಕಾಗಿ ವಿವರಣೆಯನ್ನು ತುಸು ಹಿಗ್ಗಿಸಿದ್ದೇನೆ.)

ಮಾತು ಆರಂಭಿಸುವ ಮೊದಲು ನಾನು ಕಪ್ಪು ಹಲಗೆಯ ಮೇಲೆ ಬಲದಿಂದ ಎಡಕ್ಕೆ ಮೂರು ಅಕ್ಷರಗಳ ಒಂದು ಪದವನ್ನು ಬರೆದೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದ, ಉರ್ದು ಬಲ್ಲ ಹಿರಿಯರೊಬ್ಬರು ನನ್ನ ಅಂಕುಡೊಂಕು ಬರಹವನ್ನು ಕ್ಷಮಿಸಿ, ಅದನ್ನು ತಕ್ಷಣವೇ ಓದಿದರು. ಅವರು ಓದಿದ್ದು 'ಹೇಚ್' ಎಂದು. ಇರಾನಿನವರ ಬಾಯಲ್ಲಿ ಇಂದು ಅದು 'ಹೀಚ್'. ಅರ್ಥ ಎರಡೂ ಕಡೆ ಒಂದೇ: ಏನೂ ಇಲ್ಲ. ಪದವನ್ನು ಬರೆಯುವಾಗ ನಾನು ಬೇಕೆಂದೇ ಅದರ ಐದು ಚುಕ್ಕಿಗಳನ್ನು ಬಿಟ್ಟಿದ್ದೆ. ಶಿಲ್ಪಿಯೂ ಅವನ್ನು ಬಿಟ್ಟೇ ಕಟ್ಟುತ್ತಾರೆ. ಚುಕ್ಕಿಗಳಿಲ್ಲದ ಆ ಪದವನ್ನು ಓದು ಬಾರದವರ ಕಣ್ಣಿನಿಂದ ಒಮ್ಮೆ ನೋಡಿ. ಬಲತುದಿಯಲ್ಲಿ ಎರಡು ಕುಣಿಕೆಗಳ ಒಂದು ಗಂಟು ಇದೆ. ಪಾರಸಿ ಲಿಪಿ ಬಲ್ಲವರು ಆ ಅಕ್ಷರವನ್ನು 'ಎರಡು ಕಣ್ಣಿನ ಹೇ' ಎಂದೇ ಕರೆಯುತ್ತಾರೆ. ಅದರಿಂದ ಕೆಳಗಿಳಿಯುವ ಒಂದು ಕೊರಳಿದೆ, ಆ ಕೊರಳು ಕೊನೆಯಲ್ಲಿ ದುಂಡಗಿನ ದೊಡ್ಡ ಹೊಟ್ಟೆಯಾಗಿ ತಿರುಗಿ ನಿಲ್ಲುತ್ತದೆ. ತಲೆ, ಕಣ್ಣು, ಕೊರಳು, ಒಡಲು. ನಸ್ತಾಲಿಖ್ ಶೈಲಿಯಲ್ಲಿ ಬರೆದ ಈ ಪದ ಒಂದು ಜೀವಿಯಂತೆ ಕುಳಿತಿರುವುದನ್ನು ಕಂಡು, ಅದನ್ನು ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದವರು ಇರಾನಿನ ಶಿಲ್ಪಿ ಪರ್ವೀಜ್ ತನಾವೊಲಿ. ಬೆಂಗಳೂರಿನ ಉರ್ದು ಪತ್ರಿಕೆಗಳಲ್ಲಿಯೂ ಅಂಗಡಿ ಫಲಕಗಳಲ್ಲಿಯೂ ನಾವು ದಿನವೂ ಕಾಣುವುದು ಇದೇ ನಸ್ತಾಲಿಖ್ ಆದ್ದರಿಂದ, ಈ ಶಿಲ್ಪದ ಮೂಲದ್ರವ್ಯ ನಮ್ಮ ಕಣ್ಣಿಗೆ ತೀರ ಅಪರಿಚಿತವಲ್ಲ.

ತನಾವೊಲಿ ಹುಟ್ಟಿದ್ದು 1937ರಲ್ಲಿ, ತೆಹ್ರಾನಿನಲ್ಲಿ. ಅಲ್ಲಿನ ಲಲಿತಕಲಾ ಶಾಲೆಯಲ್ಲಿ ಶಿಲ್ಪವನ್ನು ಕಲಿತು, 1956ರಲ್ಲಿ ಅಮೃತಶಿಲೆಯ ಗಣಿಗಳಿಗೆ ಹೆಸರಾದ ಇಟಲಿಯ ಕರಾರಾಕ್ಕೆ ಹೋದರು. ಆಮೇಲೆ ಮಿಲಾನಿನ ಬ್ರೆರಾ ಅಕಾಡೆಮಿಯಲ್ಲಿ ಶಿಲ್ಪಿ ಮರೀನೋ ಮರೀನಿಯವರ ಕೈಕೆಳಗೆ ಕಲಿತು 1959ರಲ್ಲಿ ಪದವಿ ಮುಗಿಸಿದರು. ಜೀವನಚರಿತ್ರೆಯ ಈ ಸಾಲುಗಳನ್ನು ಬೇಗನೆ ದಾಟಿಬಿಡಬಹುದು. ಆದರೆ ಅವುಗಳ ಹಿಂದೆ ನಿಂತಿದ್ದ ತೊಡಕನ್ನು ಹಾಗೆ ದಾಟುವಂತಿಲ್ಲ. ಇರಾನಿನಲ್ಲಿ ಶಿಲ್ಪಿಯಾಗಲು ಹೊರಟ ಹುಡುಗನಿಗೆ ಗುರುಪರಂಪರೆ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ಪ್ರಾಚೀನ ಪರ್ಷಿಯದ ರಾಜಧಾನಿ ಪರ್ಸೆಪೊಲಿಸ್‌ನ ಗೋಡೆಗಳ ಮೇಲೆ ಕಾಣಿಕೆ ಹೊತ್ತು ಸಾಲಾಗಿ ನಡೆಯುವ ಜನರ ಉಬ್ಬುಶಿಲ್ಪಗಳಿವೆ, ಸಸಾನಿಯನ್ ಅರಸರು ಬಂಡೆಗಳಲ್ಲಿ ಕೆತ್ತಿಸಿದ ದೃಶ್ಯಗಳಿವೆ. ಆದರೆ ಇಸ್ಲಾಂ ಬಂದ ನಂತರದ ಶತಮಾನಗಳಲ್ಲಿ ಎಲ್ಲ ಕಡೆಯಿಂದಲೂ ಸುತ್ತಿ ನೋಡಬಹುದಾದ ಬಿಡಿಮೂರ್ತಿಯ ಕಲೆ ಅಲ್ಲಿ ಬೆಳೆಯಲಿಲ್ಲ. ಚಿತ್ರಕಾರನಿಗೆ ಕಿರುಚಿತ್ರಗಳ ದೊಡ್ಡ ಆಸ್ತಿಯಿತ್ತು, ಲಿಪಿಕಾರನಿಗಂತೂ ಅರಮನೆಯಿಂದ ಮಸೀದಿಯವರೆಗೆ ಮನ್ನಣೆಯಿತ್ತು. ಶಿಲ್ಪಿಗೆ ಇದ್ದದ್ದು ಯೂರೋಪಿನ ಅಕಾಡೆಮಿಯ ದಾರಿ ಮಾತ್ರ. ತೆಹ್ರಾನಿನ ಫಿರ್ದೌಸಿ ಚೌಕದಲ್ಲಿ ನಿಂತಿರುವ ಕವಿಯ ಪ್ರತಿಮೆಯನ್ನು ಮಾಡಿದ ಅಬುಲ್ ಹಸನ್ ಸಿದ್ದೀಖಿಯವರ ಮೇಲ್ಮಟ್ಟದ ಕೆಲಸವೂ ಆ ದಾರಿಯದೇ.

ತನಾವೊಲಿಯವರ ಇಡೀ ವೃತ್ತಿಜೀವನವನ್ನು, ಇಲ್ಲದ ಪೂರ್ವಿಕರನ್ನು ತಾನೇ ಹುಡುಕಿ ಕಟ್ಟಿಕೊಂಡ ಒಬ್ಬ ಕಲಾವಿದನ ಕಥೆಯಾಗಿ ಓದಬಹುದು ಎಂಬುದು ನನ್ನ ವಾದ. ಅವರು ಕಂಡುಕೊಂಡ ಮೊದಲ ಪೂರ್ವಿಕ ಚರಿತ್ರೆಯವನಲ್ಲ, ಕಾವ್ಯದವನು. ಹನ್ನೆರಡನೆಯ ಶತಮಾನದ ನಿಜಾಮಿಯ 'ಖುಸ್ರೋ ಮತ್ತು ಶೀರೀನ್' ಕಾವ್ಯದಲ್ಲಿ ಬರುವ ಫರ್ಹಾದ್ ಕಲ್ಲುಕುಟಿಗ. ಶೀರೀನಳ ಮೇಲಿನ ಪ್ರೀತಿಗಾಗಿ ಬೆಟ್ಟವನ್ನೇ ಕಡಿದು ದಾರಿ ಮಾಡುವ ಪಣವನ್ನು ಅರಸ ಖುಸ್ರೋ ಅವನಿಗೆ ಒಡ್ಡುತ್ತಾನೆ. ಕೆಲಸ ಇನ್ನೇನು ಕೈಗೂಡುತ್ತದೆ ಎನ್ನುವಾಗ ಶೀರೀನ್ ಸತ್ತಳೆಂಬ ಸುಳ್ಳು ಸುದ್ದಿಯನ್ನು ಕಳಿಸುತ್ತಾನೆ. ಅದನ್ನು ನಂಬಿ ಫರ್ಹಾದ್ ಪ್ರಾಣ ಬಿಡುತ್ತಾನೆ. ಪಶ್ಚಿಮ ಇರಾನಿನ ಬಿಸುತೂನ್ ಬೆಟ್ಟದಲ್ಲಿ ಕಡಿದು ಅರ್ಧಕ್ಕೇ ಬಿಟ್ಟಂತಿರುವ ವಿಶಾಲವಾದ ಬಂಡೆಯ ಮುಖವೊಂದಿದೆ. ಜನ ಅದನ್ನು ಇಂದಿಗೂ ಫರ್ಹಾದ್ ಕೆತ್ತಿದ್ದು ಎನ್ನುತ್ತಾರೆ. ತನಾವೊಲಿ ಈ ಫರ್ಹಾದನನ್ನು ಇರಾನಿನ ಏಕಮಾತ್ರ ಹಳೆಯ ಶಿಲ್ಪಿಯೆಂದು ತಮ್ಮ ಪಾಲಿಗೆ ಎತ್ತಿಕೊಂಡರು, ಅವನ ಹೆಸರಿನ ಶಿಲ್ಪಗಳನ್ನು ಮತ್ತೆ ಮತ್ತೆ ಮಾಡಿದರು. ಕಾವ್ಯದ ಒಬ್ಬ ಕುಶಲಕರ್ಮಿಯನ್ನು ಅಜ್ಜನೆಂದು ಒಪ್ಪಿಕೊಳ್ಳುವುದು ಮೇಲುನೋಟಕ್ಕೆ ಭಾವುಕತೆಯೆನಿಸಬಹುದು. ಅದರ ಫಲವನ್ನು ನೋಡಿದರೆ ಅದು ಬಹಳ ಲೆಕ್ಕಾಚಾರದ ಹೆಜ್ಜೆ: ಶಿಲ್ಪದ ಚರಿತ್ರೆಯಿಲ್ಲದ ನಾಡಿನಲ್ಲಿ ಕಾವ್ಯದ ಚರಿತ್ರೆ ಬೇಕಾದಷ್ಟಿತ್ತು, ಶಿಲ್ಪವನ್ನು ಅದರ ಬೇರಿಗೆ ಕಸಿ ಕಟ್ಟಿದರೆ ಅದು ಹೊರಗಿನದೆನಿಸಿಕೊಳ್ಳುವುದಿಲ್ಲ.

ಎರಡನೆಯ ಪೂರ್ವಿಕರು ಸಿಕ್ಕಿದ್ದು ಬೀದಿಯಲ್ಲಿ. 1960ರಲ್ಲಿ ಇಟಲಿಯಿಂದ ಮರಳಿದ ತನಾವೊಲಿ ತೆಹ್ರಾನಿನ ಅಲಂಕಾರ ಕಲೆಗಳ ಕಾಲೇಜಿನಲ್ಲಿ ಪಾಠ ಹೇಳುತ್ತ, 'ಕಬೂದ್' ಎಂಬ ಕಾರ್ಯಶಾಲೆಯನ್ನು ತೆರೆದರು. ಕಬೂದ್ ಎಂದರೆ ನೀಲಿ. ಅಲ್ಲಿಗೆ ಬರುತ್ತಿದ್ದ ಗೆಳೆಯರಲ್ಲಿ ಚಿತ್ರಕಾರ ಹುಸೇನ್ ಝೆಂದೆರೂದಿ ಒಬ್ಬರು. ತೆಹ್ರಾನಿನ ದಕ್ಷಿಣಕ್ಕಿರುವ ರೇ ಪಟ್ಟಣದ ಶಾಹ್ ಅಬ್ದುಲ್ ಅಜೀಮ್ ದರ್ಗಾದ ಸುತ್ತಲಿನ ಅಂಗಡಿಗಳಲ್ಲಿ ಯಾತ್ರಿಕರಿಗೆಂದು ಅಗ್ಗಕ್ಕೆ ಮಾರುತ್ತಿದ್ದ ಪ್ರಾರ್ಥನೆಯ ಹಾಳೆಗಳನ್ನು, ಕೋಷ್ಟಕಗಳಲ್ಲಿ ಅಂಕಿ ಅಕ್ಷರ ತುಂಬಿದ ಯಂತ್ರಗಳನ್ನು, ತಾಯಿತಗಳನ್ನು ಇಬ್ಬರೂ ಕೊಂಡು ತರುತ್ತಿದ್ದರು. ಓದಿದವರು ಕಣ್ಣೆತ್ತಿಯೂ ನೋಡದ ಸರಕು ಅದು. ಇವರ ಕಣ್ಣು ಅಲ್ಲಿ ಒಂದು ರಚನೆಯನ್ನು ಕಂಡಿತು.

ಈ ಹಿನ್ನೆಲೆಯಲ್ಲಿ ಹುಟ್ಟಿದ ಕಲಾವಿದರ ಗುಂಪಿಗೆ 1960ರ ದಶಕದ ಆರಂಭದಲ್ಲಿ ವಿಮರ್ಶಕ ಕರೀಂ ಇಮಾಮಿ 'ಸಖ್ಖಾಖಾನೆ' ಎಂಬ ಹೆಸರನ್ನಿಟ್ಟರು. ಸಖ್ಖಾಖಾನೆ ಎಂದರೆ ಇರಾನಿನ ಹಳೆಯ ಬೀದಿಗಳಲ್ಲಿ ಗೋಡೆಯ ಗೂಡಿನಂತೆ ಕಟ್ಟಿರುವ ಅರವಟ್ಟಿಗೆ. ಆದರೆ ಅದು ಬಾಯಾರಿದವರಿಗೆ ನೀರು ಕೊಡುವ ಜಾಗವಷ್ಟೇ ಅಲ್ಲ. ಕ್ರಿ.ಶ. 680ರಲ್ಲಿ ಕರ್ಬಲಾದ ಮರುಭೂಮಿಯಲ್ಲಿ ಇಮಾಮ್ ಹುಸೇನರನ್ನೂ ಅವರ ಪರಿವಾರವನ್ನೂ ಯೂಫ್ರಟೀಸ್ ನದಿಯ ನೀರು ಮುಟ್ಟದಂತೆ ತಡೆದದ್ದು, ನೀರು ತರಲು ಹೋದ ಅಬ್ಬಾಸರ ಕೈಗಳನ್ನು ಕಡಿದದ್ದು, ಇವೆಲ್ಲದರ ನೆನಪು ಆ ನೀರಿನಲ್ಲಿದೆ. ಹಾಗಾಗಿ ಅಲ್ಲಿ ನೀರಿನ ತೊಟ್ಟಿ, ನಲ್ಲಿ, ಹಿತ್ತಾಳೆಯ ಬಟ್ಟಲುಗಳ ಜೊತೆಗೆ ಲೋಹದ ಹಸ್ತವೂ ಇರುತ್ತದೆ, ಮೊಂಬತ್ತಿ ಉರಿಯುತ್ತದೆ, ಮುಂದಿನ ಕಬ್ಬಿಣದ ಜಾಲರಿಗೆ ಹರಕೆ ಹೊತ್ತವರು ಬಟ್ಟೆಯ ಚೂರುಗಳನ್ನು ಕಟ್ಟಿರುತ್ತಾರೆ, ಬೀಗಗಳನ್ನು ಜಡಿದಿರುತ್ತಾರೆ. ಮೊಹರಂನಲ್ಲಿ ಪಂಜಾ ಕೂರಿಸುವುದನ್ನು ಕಂಡು, ರಿವಾಯತ್ ಪದಗಳನ್ನು ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ಆ ಲೋಹದ ಹಸ್ತ ಯಾರದೆಂದು ವಿವರಿಸಬೇಕಾಗಿಲ್ಲ; ಎರಡೂ ಕಡೆ ನೆನೆಯುವುದು ಅದೇ ಕರ್ಬಲಾವನ್ನು.

ಇವುಗಳಲ್ಲಿ ಬೀಗದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ತನಾವೊಲಿ ತಮ್ಮ ಜೀವನದ ಬಹುಭಾಗ ಅದರ ಹತ್ತಿರವೇ ನಿಂತಿದ್ದಾರೆ. ಅವರು ಕೂಡಿಹಾಕಿದ ಇರಾನಿನ ಹಳೆಯ ಬೀಗಗಳ ಸಂಗ್ರಹ 1976ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಮೂಲಕ ಪ್ರದರ್ಶನವಾಯಿತು. ಸಿಂಹ, ಕುದುರೆ, ಮೇಕೆ, ಮೀನುಗಳ ಆಕಾರದಲ್ಲಿ ಎರಕ ಹೊಯ್ದ, ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಬೀಗಗಳು ಅದರಲ್ಲಿದ್ದವು. ಹಳೆಯ ಮಾದರಿಯ ಒಂದು ಬೀಗದ ಕೆಲಸವನ್ನು ನೋಡಿ: ಒಳಗಿನ ಅಗುಳಿಗೆ ಹೊಂದಿಸಿದ ಉಕ್ಕಿನ ಪಟ್ಟಿಗಳು ಬೀಗದ ಒಡಲೊಳಗೆ ಹೋದ ಕೂಡಲೇ ಅಗಲವಾಗಿ ಹರಡಿ ಹಿಂದೆ ಸರಿಯದಂತೆ ತಡೆಯುತ್ತವೆ, ಕೀಲಿ ಒಳಹೊಕ್ಕು ಆ ಪಟ್ಟಿಗಳನ್ನು ಒತ್ತಿ ಒಟ್ಟುಗೂಡಿಸಿದಾಗ ಅಗುಳಿ ಜಾರಿ ಹೊರಬರುತ್ತದೆ. ಅಂದರೆ ಒಂದು ಪ್ರಾಣಿಯ ಹೊಟ್ಟೆಯೊಳಗೆ ಏನೋ ಬಿಗಿದುಕೊಳ್ಳುತ್ತದೆ, ಏನೋ ಸಡಿಲವಾಗುತ್ತದೆ. ಬಿಡಿಮೂರ್ತಿಯ ಪರಂಪರೆ ಇಲ್ಲವೆಂದು ಯಾರೂ ಚಿಂತಿಸದ ಕಾಲದಲ್ಲಿ ಊರಿನ ಕಮ್ಮಾರರು, ಕಂಚುಗಾರರು ಸುತ್ತಿ ನೋಡಬಹುದಾದ ಇಂತಹ ಶಿಲ್ಪಗಳನ್ನು ಸಂತೆಗೆ ಮಾಡಿ ಹಾಕುತ್ತಿದ್ದರು. ಅವುಗಳನ್ನು ಶಿಲ್ಪವೆಂದು ಯಾರೂ ಕರೆಯಲಿಲ್ಲ, ಅಷ್ಟೇ. ತನಾವೊಲಿಯವರ ಮೂರ್ತಿಗಳ ಎದೆಯಲ್ಲಿ, ಹೊಟ್ಟೆಯಲ್ಲಿ, ಹೆಗಲಲ್ಲಿ ನೇತಾಡುವ ಬೀಗಗಳಿಗೆ ಹರಕೆಯ ಜಾಲರಿಯ ನೆನಪೂ ಇದೆ, ಈ ಕುಶಲಕರ್ಮಿಗಳ ಋಣವೂ ಇದೆ.

ಈ ನಡುವೆ ಅಮೆರಿಕದ ಮಿನೆಸೋಟದ ಕಲಾಸಂಗ್ರಾಹಕಿ ಆ್ಯಬಿ ಗ್ರೇ ತೆಹ್ರಾನಿಗೆ ಬಂದು, ತನಾವೊಲಿಯವರ ಕೆಲಸವನ್ನು ಕಂಡು ಮೆಚ್ಚಿ, ಅವರನ್ನು ಮಿನಿಯಾಪೊಲಿಸ್‌ಗೆ ಕರೆಸಿಕೊಂಡರು. ಅಲ್ಲಿ ಸುಮಾರು ಮೂರು ವರ್ಷ ಪಾಠ ಹೇಳಿ, 1964ರಲ್ಲಿ ಅವರು ತೆಹ್ರಾನಿಗೆ ಮರಳಿದರು. ತೆಹ್ರಾನ್ ವಿಶ್ವವಿದ್ಯಾಲಯದಲ್ಲಿ ಶಿಲ್ಪ ವಿಭಾಗದ ಮುಖ್ಯಸ್ಥರಾದರು, 1979ರವರೆಗೂ ಅಲ್ಲಿದ್ದರು. ಅಲ್ಲಿ ಕಂಚಿನ ಎರಕದ ಶಾಲೆಯನ್ನು ನಿಲ್ಲಿಸಲು ಗ್ರೇ ನೆರವಾದರು. ಕಲೆಯ ಚರಿತ್ರೆಯನ್ನು ಬರೆಯುವವರು ಕುಲುಮೆಗೆ ಒಂದು ವಾಕ್ಯವನ್ನೂ ಕೊಡುವುದಿಲ್ಲ. ಆದರೆ ಕಂಚನ್ನು ಕರಗಿಸುವ ಕುಲುಮೆ, ಅಚ್ಚು ಕಟ್ಟುವ ಕೈಗಳು ಊರಿನಲ್ಲೇ ಇರದಿದ್ದರೆ ಇರಾನಿನ ಆಧುನಿಕ ಶಿಲ್ಪ ಕಾಗದದ ಮೇಲಿನ ರೇಖೆಯಾಗಿಯೇ ಉಳಿಯುತ್ತಿತ್ತು ಎಂಬುದು, ಇಲ್ಲಿ ಕುಳಿತಿರುವ ಎರಕದ ವಿಭಾಗದವರಿಗಾದರೂ ಗೊತ್ತಿರುತ್ತದೆ. ಗ್ರೇ ಕೂಡಿಸಿದ ಕೃತಿಗಳು ಈಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ರೇ ಸಂಗ್ರಹದಲ್ಲಿವೆ.

1960ರ ದಶಕದ ನಡುವೆ ಅವರ ಶಿಲ್ಪದಲ್ಲಿ ಒಂದು ಪಾತ್ರ ನೆಲೆಗೊಂಡಿತು: ಕವಿ. ಕಣ್ಣು ಮೂಗು ಬಾಯಿಗಳಿಲ್ಲದ ತಲೆ, ಕೊಳವೆಯಂಥ ಅಂಗಗಳು, ಎದೆಯ ಜಾಗದಲ್ಲಿ ಸಖ್ಖಾಖಾನೆಯ ಜಾಲರಿ, ಕೆಲವು ಕಡೆ ನಲ್ಲಿ, ಕೆಲವು ಕಡೆ ಬೀಗ, ಎಷ್ಟೋ ಕಡೆ ಒಂದು ಹಕ್ಕಿ ಅಥವಾ ಪಂಜರ. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ, 1964ರಿಂದ 1966ರ ನಡುವೆ ಮಾಡಿದ 'ಕವಿ ಮತ್ತು ಅರಸನ ಪ್ರೇಯಸಿ' ಎಂಬ ಕೃತಿಯಲ್ಲಿ ಮರ, ತಗಡು, ತಾಮ್ರ, ಉಕ್ಕು ಮಾತ್ರವಲ್ಲದೆ ಟ್ಯೂಬ್‌ಲೈಟಿನ ಬೆಳಕೂ ಇದೆ. ದರ್ಗಾದ ಜಾಲರಿಯ ಹಿಂದೆ ಟ್ಯೂಬ್‌ಲೈಟು! ಹಬ್ಬದ ರಾತ್ರಿ ನಮ್ಮ ಊರುಗಳ ಗುಡಿಯನ್ನೋ ದರ್ಗಾವನ್ನೋ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪವಿತ್ರವಾದದ್ದು ಹಳತಾಗಿಯೇ ಇರಬೇಕೆಂಬ ಹಟ ಭಕ್ತರಿಗಿಂತ ಕಲಾಸಂಗ್ರಹಾಲಯಗಳಿಗೇ ಹೆಚ್ಚು.

ತೆಹ್ರಾನಿನ ರಸಿಕರು ಮಾತ್ರ ಈ ಹಾಸ್ಯವನ್ನು ಸಹಿಸಲಿಲ್ಲ. 'ಕಲೆಯಲ್ಲಿ ನಾವೀನ್ಯ' ಎಂಬ ವ್ಯಂಗ್ಯದ ಹೆಸರಿನ ಕೃತಿಯೊಂದರಲ್ಲಿ ಅವರು ಪರ್ಷಿಯನ್ ಕಾರ್ಪೆಟ್ಟಿಗೆ 'ಆಫ್ತಾಬೆ'ಯನ್ನು ಸೇರಿಸಿದ್ದರು. ಆಫ್ತಾಬೆ ಎಂದರೆ ಶೌಚಕ್ಕೆ ನೀರು ಒಯ್ಯುವ ಗಿಂಡಿ. ದೇಶದ ಹೆಮ್ಮೆಯೆನಿಸಿದ ಕಾರ್ಪೆಟ್ಟನ್ನೂ ಯಾರೂ ಹೆಸರೆತ್ತದ ಗಿಂಡಿಯನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದರೆ ಏನಾಗಬಹುದೋ ಅದೇ ಆಯಿತು: 1965ರಲ್ಲಿ ತೆಹ್ರಾನಿನ ಬೋರ್ಗೀಸ್ ಗ್ಯಾಲರಿಯಲ್ಲಿ ನಡೆದ ಅವರ ಪ್ರದರ್ಶನ ಗದ್ದಲವೆಬ್ಬಿಸಿ ಬೇಗನೆ ಮುಚ್ಚಿತು. 'ಹೀಚ್' ಹುಟ್ಟಿದ್ದು ಅದೇ ವರ್ಷ.

ಆ ಪದ ಒಂದು ಸಿಟ್ಟಿನ ಉತ್ತರವಾಗಿತ್ತು ಎಂಬುದನ್ನು ಮರೆಯಬಾರದು. ಕಲೆಯ ಹೆಸರಿನಲ್ಲಿ ನಡೆಯುತ್ತಿದ್ದುದರ ಬಗ್ಗೆ ಬೇಸರ ಒಂದು ಕಡೆ. ಇನ್ನೊಂದು ಕಡೆ, ಸಖ್ಖಾಖಾನೆಯ ಯಶಸ್ಸಿನ ನಂತರ ಕಂಡಕಂಡವರೆಲ್ಲ ಕ್ಯಾನ್ವಾಸಿನ ಮೇಲೆ ಅಕ್ಷರ ಸುರಿದು ಇರಾನಿತನವನ್ನು ಸಾಬೀತುಪಡಿಸುತ್ತಿದ್ದುದರ ಬಗ್ಗೆ ಅಸಹನೆ. ಸಾವಿರ ಅಕ್ಷರಗಳ ಜಾಗದಲ್ಲಿ ಮೂರೇ ಅಕ್ಷರಗಳನ್ನಿಟ್ಟು ಅವರು ಹೇಳಿದ್ದು: ಏನೂ ಇಲ್ಲ. ಆದರೆ ಕೈ ಕೆಲಸಕ್ಕಿಳಿದ ಮೇಲೆ ಸಿಟ್ಟು ತಾನಾಗಿ ಕರಗಿತೆಂದು ತೋರುತ್ತದೆ. ಹೀಚ್ ಕುರ್ಚಿಗೆ ಒರಗಿತು, ಕುರ್ಚಿಯನ್ನು ಸುತ್ತಿಕೊಂಡಿತು, ಪಂಜರ ಹೊಕ್ಕಿತು. ಎರಡು ಹೀಚ್‌ಗಳು ಪ್ರೇಮಿಗಳಾಗಿ ಹೆಣೆದುಕೊಂಡವು. 1970ರ ದಶಕದಲ್ಲಿ ಅವು ಫೈಬರ್‌ಗ್ಲಾಸಿನಲ್ಲಿ, ಕಣ್ಣು ಕುಕ್ಕುವ ಬಣ್ಣಗಳಲ್ಲಿ ಬಂದವು. ನಿರಾಕರಣೆಯ ಪದವೊಂದು ಇಷ್ಟು ಸರಸವಾಗಿ ವರ್ತಿಸುವುದರಲ್ಲಿಯೇ ಈ ಸರಣಿಯ ಜೀವವಿದೆ. ನೋಡಿದಾಗ ಅರ್ಥ ಕೊರತೆಯನ್ನು ಹೇಳುತ್ತದೆ, ಆಕಾರ ತುಂಬು ಮೈಯನ್ನು ತೋರಿಸುತ್ತದೆ. ಎರಡೂ ಒಂದೇ ವಸ್ತುವಿನಲ್ಲಿ ಜಗಳವಾಡದೆ ಕುಳಿತಿರುತ್ತವೆ.

ಇಲ್ಲಿ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ದಾಖಲಿಸಬೇಕು. ಇದು ನಮ್ಮ ವಚನಕಾರರ ಬಯಲೇ ಅಲ್ಲವೇ, ಅಲ್ಲಮನ ಶೂನ್ಯವೇ ಅಲ್ಲವೇ ಎಂದು ಒಬ್ಬರು ಕೇಳಿದರು. ಕನ್ನಡದ ಓದುಗನಿಗೆ ಆ ನೆನಪು ಬರುವುದು ಸಹಜ, ನನಗೂ ಬಂದಿತ್ತು. ಆದರೂ ಎರಡನ್ನೂ ಒಂದೇ ಎನ್ನುವ ಆತುರ ಬೇಡವೆನಿಸುತ್ತದೆ. ತನಾವೊಲಿಯವರ ಹಿನ್ನೆಲೆಯಲ್ಲಿ ರೂಮಿಯೂ ಪಾರಸಿಯ ಸೂಫಿ ಕಾವ್ಯವೂ ಇವೆ. ಅಲ್ಲಿ 'ನಾನು' ಅಳಿದು ಏನೂ ಇಲ್ಲವಾಗುವುದು ಒಂದು ಸಿದ್ಧಿ. ಅದರ ಜೊತೆಗೆ, ಗ್ಯಾಲರಿಯವರ ಮೇಲಿನ ಮುನಿಸು, ಪ್ರತಿದಿನದ ಮಾತಿನಲ್ಲಿ 'ಏನಾಯ್ತು' ಎಂದರೆ 'ಏನಿಲ್ಲ' ಎನ್ನುವ ಉದಾಸೀನ, ಇವೂ ಆ ಪದದಲ್ಲಿವೆ. ಬಯಲಿನಲ್ಲಿ ಈ ಕೊನೆಯ ಎರಡಕ್ಕೆ ಜಾಗವಿಲ್ಲ.

ಹೀಚ್‌ನ ಎದುರಿಗೆ ಇಡಬೇಕಾದದ್ದು ಅವರ 'ಗೋಡೆ'ಗಳು. 1975ರಲ್ಲಿ ಮಾಡಿದ 'ಗೋಡೆ: ಓ ಪರ್ಸೆಪೊಲಿಸ್' ಎಂಬ ಆಳೆತ್ತರದ ಕಂಚಿನ ಶಿಲ್ಪದ ಮೈತುಂಬ ಶಾಸನದಂತಹ ಗುರುತುಗಳು ಸಾಲುಗಟ್ಟಿವೆ. ದೂರದಿಂದ ಅದು ಪ್ರಾಚೀನ ಬೆಣೆಲಿಪಿಯ ಬಂಡೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಯಾವ ಲಿಪಿಯೂ ಅಲ್ಲ. ಯಾರೂ ಓದಲಾಗದ, ಕೈಯಿಂದ ತಡವಿ ನೋಡಬೇಕೆನಿಸುವ ಉಬ್ಬುತಗ್ಗುಗಳು. ಹೀಚ್ ಓದಬಹುದಾದ ಪದ, ಆದರೆ ಅದು ಹೇಳುವುದು ಏನೂ ಇಲ್ಲವೆಂದು. ಗೋಡೆ ಬಹಳಷ್ಟನ್ನು ಹೇಳುತ್ತಿರುವಂತಿದೆ, ಆದರೆ ಓದಲಾಗದು. ವಿಜಯಪುರದ ಇಬ್ರಾಹಿಂ ರೋಜಾವನ್ನು ನೋಡಿದವರು, ಅಲ್ಲಿನ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳೇ ಕಲ್ಲಿನ ಜಾಲಂಧ್ರವಾಗಿ ಬೆಳಕನ್ನು ಸೋಸುವುದನ್ನು ನೆನಪಿಸಿಕೊಳ್ಳಬಹುದು. ಪಾರಸಿ ಆಡಳಿತ ಮತ್ತು ಸಾಹಿತ್ಯದ ಭಾಷೆಯಾಗಿದ್ದ ಆದಿಲ್‌ಶಾಹಿ ನಾಡಿನಲ್ಲಿ ಅಕ್ಷರ ಹೀಗೆ ಕಟ್ಟಡದ ಅಂಗವಾಗಿತ್ತು. ತನಾವೊಲಿ ಅದನ್ನು ಕಟ್ಟಡದಿಂದ ಬಿಡಿಸಿ ನೆಲದ ಮೇಲೆ ಒಂಟಿಯಾಗಿ ನಿಲ್ಲಿಸಿದರು ಎಂದರೆ ಅವರ ಸಾಧನೆಯ ಅಳತೆ ಸಿಗುತ್ತದೆ.

ಈ ಗೋಡೆ 2008ರ ಏಪ್ರಿಲ್‌ನಲ್ಲಿ ದುಬೈಯ ಕ್ರಿಸ್ಟೀಸ್ ಹರಾಜಿನಲ್ಲಿ 28 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಮಧ್ಯಪ್ರಾಚ್ಯದ ಕಲಾವಿದರ ಕೃತಿಗಳಿಗೆ ಆಗ ಅದೊಂದು ದಾಖಲೆ. ಪತ್ರಿಕೆಗಳು ಅವರನ್ನು ಪರಿಚಯಿಸುವಾಗ ಈ ಅಂಕಿಯಿಂದಲೇ ಆರಂಭಿಸುವುದು ವಾಡಿಕೆ. ನಾನು ಅದನ್ನು ಇಷ್ಟು ಕೆಳಗೆ ಇಟ್ಟಿರುವುದು ಬೇಕೆಂದೇ. ಬೆಲೆ ಏರಿದ ಮೇಲೆ ಹೀಚ್‌ಗೂ ಒಂದು ಸಂಕಟ ಎದುರಾಯಿತು. ಅದು ಆಭರಣವಾಯಿತು, ಮೇಜಿನ ಮೇಲಿನ ಅಲಂಕಾರವಾಯಿತು, ನೋಡಿದ ಕೂಡಲೇ ಗುರುತು ಸಿಗುವ ಸರಕಾಯಿತು. ಅಂಗೈಯಗಲದ ಹೊಳಪಿನ ಹೀಚ್‌ಗಳು ನನ್ನನ್ನು ಮುಟ್ಟುವುದಿಲ್ಲ. ಅಕ್ಷರಗಳ ಅತಿಬಳಕೆಯ ವಿರುದ್ಧ ಹುಟ್ಟಿದ ಪದವೇ ಅತಿಬಳಕೆಗೆ ಸಿಕ್ಕಿತು ಎಂಬ ಆಕ್ಷೇಪವನ್ನು ತಳ್ಳಿಹಾಕಲು ನನಗೆ ಸಾಧ್ಯವಾಗಿಲ್ಲ.

1979ರ ಕ್ರಾಂತಿಯ ನಂತರ ತನಾವೊಲಿ ವಿಶ್ವವಿದ್ಯಾಲಯವನ್ನು ಬಿಟ್ಟರು. 1989ರಲ್ಲಿ ಕೆನಡಾದ ವ್ಯಾಂಕೂವರ್‌ಗೆ ಹೋಗಿ ನೆಲೆಸಿದರು. ಶಿಲ್ಪಕ್ಕೆ ಅನುಕೂಲವಿಲ್ಲದ ಆ ವರ್ಷಗಳಲ್ಲಿ ಅವರ ಸಂಶೋಧನೆ ಬೆಳೆಯಿತು. ಫಾರ್ಸ್ ಪ್ರಾಂತದ ಅಲೆಮಾರಿ ಹೆಂಗಸರು ನೇಯ್ದ ಸಿಂಹದ ಕಂಬಳಿಗಳ ಬಗ್ಗೆ ಅವರ ಪುಸ್ತಕ 1985ರಲ್ಲಿ ಬಂತು. ಉಪ್ಪಿನ ಚೀಲ, ಒಂಟೆ ಕುದುರೆಗಳ ಸಜ್ಜು, ಗೋರಿಗಲ್ಲುಗಳ ಬಗ್ಗೆಯೂ ಅವರು ಬರೆದಿದ್ದಾರೆ. ಸಿಂಹವನ್ನು ಕಣ್ಣಾರೆ ಕಾಣದ ನೇಕಾರಳು ನೇಯ್ದ ಸಿಂಹಕ್ಕೆ ಮನುಷ್ಯನ ಮುಖದ ಕಳೆ ಬಂದಿರುತ್ತದೆ. ಬಖ್ತಿಯಾರಿ ಬುಡಕಟ್ಟಿನವರು ವೀರರ ಗೋರಿಗಳ ಮೇಲೆ ನಿಲ್ಲಿಸುವ ಕಲ್ಲಿನ ಸಿಂಹಗಳೂ ಅಷ್ಟೇ ಮುಗ್ಧ, ಅಷ್ಟೇ ಗಟ್ಟಿ. ಬಿಡಿಮೂರ್ತಿಯೇ ಇಲ್ಲವೆಂದುಕೊಂಡಿದ್ದ ನಾಡಿನ ಮಸಣಗಳಲ್ಲಿ ಅವು ಮಳೆಗಾಳಿಗೆ ನಿಂತೇ ಇದ್ದವು. 2017ರಲ್ಲಿ ತೆಹ್ರಾನ್ ಸಮಕಾಲೀನ ಕಲಾಸಂಗ್ರಹಾಲಯದಲ್ಲಿ ಸಿಂಹಗಳ ಮೇಲಿನ ಅವರ ಪ್ರದರ್ಶನವೇ ನಡೆಯಿತು. ಅದಕ್ಕೂ ಮೊದಲು, 2003ರಲ್ಲಿ, ಅವರ ಸಮಗ್ರ ಕೃತಿಗಳ ಪ್ರದರ್ಶನವೂ ಅಲ್ಲಿಯೇ ಏರ್ಪಟ್ಟಿತ್ತು.

ತಾಯ್ನಾಡು ಅವರನ್ನು ಮೆರೆಸಿದ್ದೂ ಉಂಟು, ತಡೆದದ್ದೂ ಉಂಟು. 2016ರ ಜುಲೈಯಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮಾತನಾಡಲು ಹೊರಟಿದ್ದ ಎಪ್ಪತ್ತೊಂಬತ್ತರ ಹಿರಿಯರನ್ನು ತೆಹ್ರಾನಿನ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ, ಪಾಸ್‌ಪೋರ್ಟ್ ಕಸಿದುಕೊಂಡರು. ಆಮೇಲೆ ಅದು ಮರಳಿ ಸಿಕ್ಕಿತು. 2023ರಲ್ಲಿ ವ್ಯಾಂಕೂವರ್ ಕಲಾಗ್ಯಾಲರಿ ಅವರ ದೊಡ್ಡ ಪ್ರದರ್ಶನಕ್ಕೆ ಇಟ್ಟ ಹೆಸರು 'ಕವಿಗಳು, ಬೀಗಗಳು, ಪಂಜರಗಳು'.

ಉಪನ್ಯಾಸ ಮುಗಿದು ಜನ ಚಹಾದ ಕಡೆ ಹೊರಟಾಗ, ಆರಂಭದಲ್ಲಿ ಪದವನ್ನು ಓದಿದ ಹಿರಿಯರು ಹಲಗೆಯ ಬಳಿ ಬಂದರು. ಸೀಮೆಸುಣ್ಣ ಎತ್ತಿಕೊಂಡು, ನಡುವಿನ ಅಕ್ಷರದ ಕೆಳಗೆ ಎರಡು, ಕೊನೆಯ ಅಕ್ಷರದ ಹೊಟ್ಟೆಯೊಳಗೆ ಮೂರು ಚುಕ್ಕಿಗಳನ್ನಿಟ್ಟು, 'ಈಗ ಸರಿಯಾಯಿತು ನೋಡಿ' ಎಂದರು. ಕಾಗುಣಿತವೇನೋ ಸರಿಯಾಗಿತ್ತು. ಅಷ್ಟು ಹೊತ್ತು ಹಲಗೆಯ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದ ಆ ಎರಡು ಕಣ್ಣಿನ ಜೀವಿ ಮಾತ್ರ ಕಾಣಲಿಲ್ಲ. ಅಲ್ಲಿ ಒಂದು ಪದವಿತ್ತು. ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಅವರ ಅಪ್ಪಣೆ ಕೇಳಿ, ಬೆರಳ ತುದಿಯಿಂದ ಚುಕ್ಕಿಗಳನ್ನು ಒಂದೊಂದಾಗಿ ಒರೆಸಿದಳು.